ಬಾಡಿಗೆ ಉಸಿರು

ಉಡಚಪ್ಪನಿಗೆ ಕಂಪನಿ ಬೂಟು ಕೊಟ್ಟದ್ದು ಮೈಲಾರಿ ಸತ್ತ ಮೇಲೆ. ಅಲ್ಲಿಯವರೆಗೆ ಅವನು ಬರಿಗಾಲಲ್ಲೇ ಬಾರ್ಜಿನ ಟ್ಯಾಂಕಿಗೆ ಇಳಿಯುತ್ತಿದ್ದ. ಚಡ್ಡಿ, ಹರಕು ಬನಿಯನ್ನು, ಮೂಗಿಗೆ ಕಟ್ಟಿಕೊಳ್ಳಲು ಹೆಂಡತಿಯ ಹಳೇ ಸೀರೆಯ ತುಂಡು. ಒಬ್ಬ ಸತ್ತರೆ ಇನ್ನೊಬ್ಬನಿಗೆ ಬೂಟು ಬರುವುದಾದರೆ, ಕೈಗವಸು ಬರಬೇಕಾದರೆ ಇನ್ನೆಷ್ಟು ಮಂದಿ ಸಾಯಬೇಕು ಅಂತ ಅವನ ಹೆಂಡತಿ ಹುಲಿಗೆವ್ವ ಕೇಳಿದ್ದಳು. ಬೂಟು ತಂದ ಆಳು ಕೇಳಿಸಿಕೊಳ್ಳದವನ ಹಾಗೆ ಹೋದ.

ಕಂಪನಿ ಹುಬ್ಬಳ್ಳಿಯದು. ಸಮುದ್ರವಿಲ್ಲದ ಊರಲ್ಲಿ ಕೂತು ಸಮುದ್ರದ ಮೇಲೆ ಧಂದೆ ಮಾಡುವ ಕಂಪನಿ. ಮಾಲಕ ಶಿವಯೋಗೀಶ ಸಾವಕಾರರ ಅಜ್ಜ ಹತ್ತಿ ಮಾರಿದರು, ಅಪ್ಪ ಶೇಂಗಾ ಎಣ್ಣೆ ಮಾರಿದರು, ಇವರು ಬಾರ್ಜು ಇಟ್ಟರು. ಬಾರ್ಜು ಅಂದರೆ ನೀರಿನ ಮೇಲೆ ತೇಲುವ ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಅದರ ಹೊಟ್ಟೆಯಲ್ಲಿ ಸಾಲಾಗಿ ಟ್ಯಾಂಕುಗಳು. ಸಕ್ಕರೆ ತೆಗೆದಾದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕರಿ ಪಾಕ, ಕಾಕಂಬಿ, ಲಾರಿಗಳಲ್ಲಿ ಘಟ್ಟ ಇಳಿದು ಕರಾವಳಿಯ ನದಿದಂಡೆಯ ಧಕ್ಕೆಗೆ ಬರುತ್ತದೆ. ಅಲ್ಲಿ ಅದನ್ನು ಬಾರ್ಜಿಗೆ ತುಂಬುತ್ತಾರೆ. ಬಾರ್ಜು ನದಿಯ ಬಾಯಿ ದಾಟಿ, ಹೊರಗೆ ಲಂಗರು ಹಾಕಿ ನಿಂತ ದೊಡ್ಡ ಹಡಗಿಗೆ ಪಂಪು ಮಾಡಿ ಬರುತ್ತದೆ. ಮುಂದಿನ ಸರತಿಯಲ್ಲಿ ಬೇರೊಂದು ಹಡಗಿನಿಂದ ತಾಳೆಎಣ್ಣೆ ತರುತ್ತದೆ. ಹೋಗುವಾಗ ಕಾಕಂಬಿ, ಬರುವಾಗ ಎಣ್ಣೆ. ಈ ಎರಡರ ನಡುವೆ ಟ್ಯಾಂಕು ತೊಳೆಯಬೇಕು.

ತೊಳೆಯುವುದು ಪಂಪಿನಿಂದ ಪೂರಾ ಆಗುವುದಿಲ್ಲ. ಅದು ಎಳೆದಷ್ಟು ಎಳೆದು ಸುಮ್ಮನಾಗುತ್ತದೆ. ತಳದಲ್ಲಿ ಕರಿ ರಾಡಿ ಉಳಿಯುತ್ತದೆ. ಅದಕ್ಕೆ ಮನುಷ್ಯರು ಬೇಕು. ಧಕ್ಕೆಯ ಊರಿನವರು ಒಲ್ಲೆವೆಂದರು. ಬಾರ್ಜಿನ ಖಲಾಸಿಗಳು ಒಲ್ಲೆವೆಂದರು. ಆಗ ಕಂಪನಿಯ ಮ್ಯಾನೇಜರ ಬಿಂದುಮಾಧವರಿಗೆ ಉಣಕಲ್ ಕೆರೆಯ ಹಿಂದಿನ ಕೇರಿ ನೆನಪಾಯಿತು. ಕೇರಿಯ ಗಂಡಸರು ಹುಬ್ಬಳ್ಳಿಯ ಗಟಾರದೊಳಗೆ ಇಳಿದವರು. ಅವರ ಅಪ್ಪಂದಿರೂ ಇಳಿದವರು.

"ನಿಮ್ಮ ಜನಕ್ಕ ಇದರ ರೂಢಿ ಅದ," ಅಂದರು ಬಿಂದುಮಾಧವ, ಕೇರಿಗೆ ಬಂದ ಮೊದಲ ದಿನ.

ಬಿಂದುಮಾಧವರು ಧಾರವಾಡದವರು. ಸಂಗೀತ ಬಲ್ಲವರು. ಮಾತು ಬೆಣ್ಣೆಯ ಹಾಗೆ. ಜಾತಿಯ ಹೆಸರು ಅವರ ಬಾಯಿಂದ ಎಂದೂ ಬರುತ್ತಿರಲಿಲ್ಲ. 'ನಿಮ್ಮ ಜನ' ಅನ್ನುತ್ತಿದ್ದರು. ಹಾಗಂದರೆ ಜಾತಿ ಎತ್ತಿದ ಹಾಗಾಗುವುದಿಲ್ಲ ಅಂತ ಅವರ ನಂಬಿಕೆ. ಜಾತಿ ಎತ್ತದೆಯೇ ಕರಾರುವಾಕ್ಕಾಗಿ ಆ ಕೇರಿಗೇ ಜೀಪು ಕಳಿಸುತ್ತಿದ್ದರು.

ಜೀಪು ಬಂದಾಗ ಉಡಚಪ್ಪ ಹತ್ತುತ್ತಿದ್ದ. ಅವನ ಜೊತೆ ಹುಲಿಗೆವ್ವನ ತಮ್ಮ ಮೈಲಾರಿ, ಕೇರಿಯ ಇನ್ನೂ ಕೆಲವರು. ಘಟ್ಟ ಇಳಿದು ಧಕ್ಕೆ ಮುಟ್ಟಿದರೆ ಮೊದಲು ಕಾಣುವುದು ನೀರಲ್ಲ, ನಾತ. ಹುಳಿ ಬಂದ ಬೆಲ್ಲದ ನಾತ. ಟ್ಯಾಂಕಿನ ಮುಚ್ಚಳ ತೆಗೆದರೆ ಒಬ್ಬ ಮನುಷ್ಯ ತೂರುವಷ್ಟು ತೂತು. ಅದರೊಳಗೆ ಕಬ್ಬಿಣದ ನಿಚ್ಚಣಿಕೆ. ಕೆಳಗೆ ಇಳಿದರೆ ಕಾಲು ಮೊಣಕಾಲ ತನಕ ಹೂತು ಹೋಗುತ್ತದೆ. ಬಿಸಿಲಿಗೆ ಕಾದ ತಗಡಿನ ನಡುವೆ ಬಗ್ಗಿ ನಿಂತು ರಾಡಿಯನ್ನು ಬಕೀಟಿಗೆ ಬಾಚಬೇಕು. ಹಗ್ಗ ಜಗ್ಗಬೇಕು. ಬಕೀಟು ಮೇಲೆ ಹೋಗುವಾಗ ಅರ್ಧ ತಲೆಯ ಮೇಲೆ ಸುರಿಯುತ್ತದೆ. ಕಣ್ಣಿನ ರೆಪ್ಪೆ ಅಂಟುತ್ತದೆ. ಬೆರಳ ಸಂದಿ ಬಿರಿಯುತ್ತದೆ. ರಾಡಿ ಮುಗಿದ ಮೇಲೆ ಗೋಡೆ ಉಜ್ಜಬೇಕು, ಮೂಲೆ ಕೆರೆಯಬೇಕು, ಬಟ್ಟೆಯಿಂದ ಒರೆಸಬೇಕು. ಮುಂದೆ ತುಂಬುವುದು ಜನ ತಿನ್ನುವ ಎಣ್ಣೆ ನೋಡಿ. ಜನ ಅಂದರೆ ಕೆಳಗೆ ಇಳಿದವರನ್ನು ಬಿಟ್ಟು ಉಳಿದವರು.

ಊಟಕ್ಕೆ ಬಾರ್ಜಿನ ಮೇಲೆ ಜಾಗವಿರಲಿಲ್ಲ. ಅಡಿಗೆಯವ ಅನ್ನ ಸಾರನ್ನು ಒಂದು ಡಬ್ಬಿಗೆ ಸುರಿದು ಧಕ್ಕೆಯ ಕಟ್ಟೆಯ ಮೇಲೆ ಇಟ್ಟು, ದೂರ ಸರಿದು, "ತಗೋರಿ" ಅನ್ನುತ್ತಿದ್ದ. ಎಣ್ಣೆ ತುಂಬುವ ಹೊಟ್ಟೆಯೊಳಗೆ ಇವರ ಕೈ, ಕಾಲು, ಬೆವರು, ಉಗುಳು ಎಲ್ಲ ನಡೆಯುತ್ತಿತ್ತು. ಅಡಿಗೆ ಕೋಣೆಯ ಬಾಗಿಲ ಹತ್ತಿರ ಮಾತ್ರ ಇವರ ನೆರಳು ನಡೆಯುತ್ತಿರಲಿಲ್ಲ.

ಬಾರ್ಜು ನಡೆಸುವವನನ್ನು ಸಾರಂಗ ಅನ್ನುತ್ತಾರೆ. ಯಾಕೂಬಸಾಬ ಸಾರಂಗ. ಮುದುಕ. ಅವನೊಬ್ಬ ಇವರ ಜೊತೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅದಕ್ಕಿಂತ ಹೆಚ್ಚಿನದೇನೂ ಅವನ ಕೈಲಿ ಆಗುತ್ತಿರಲಿಲ್ಲ, ಅಥವಾ ಅವನು ಮಾಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಎಣ್ಣೆಯ ಹಡಗು ತಡವಾಗಿ ಬಂತು. ಖಾಲಿ ಆದ ಟ್ಯಾಂಕುಗಳು ಮುಚ್ಚಳ ಬಿಗಿದುಕೊಂಡು ವಾರಗಟ್ಟಲೆ ಬಿಸಿಲಲ್ಲಿ ನಿಂತವು. ಒಳಗಿನ ರಾಡಿ ಕೊಳೆಯಿತು. ಕೊಳೆತ ಕಾಕಂಬಿ ಗಾಳಿ ಕೆಡಿಸುತ್ತದೆ ಅನ್ನುವುದು ಬಾರ್ಜಿನ ಮೇಲೆ ಎಲ್ಲರಿಗೂ ಗೊತ್ತು. ಆ ಕೆಟ್ಟ ಗಾಳಿಗೆ ಬಣ್ಣವಿಲ್ಲ. ಅದು ತಳದಲ್ಲೇ ಕೂರುತ್ತದೆ.

"ಮುಚ್ಚಳ ತಗದು ಎರಡ ದಿನ ಗಾಳಿ ಆಡಸೋಣ ಸಾಹೇಬ," ಅಂತ ಯಾಕೂಬಸಾಬ ಹುಬ್ಬಳ್ಳಿಗೆ ಫೋನು ಮಾಡಿದ.

"ಎಣ್ಣಿ ಹಡಗ ನಿಮ್ಮಪ್ಪಂದ ಅಲ್ಲ, ಕಾಯಾಕ," ಅಂದರು ಶಿವಯೋಗೀಶ ಸಾವಕಾರರು. "ಇವತ್ತ ಇಳಸು."

ಯಾಕೂಬಸಾಬ ಫೋನು ಕಿಸೆಗೆ ಹಾಕಿಕೊಂಡು ಮುಚ್ಚಳ ತೆಗೆಸಿದ.

ಮೈಲಾರಿ ಮೊದಲು ಇಳಿದ. ಉಡಚಪ್ಪ ಮೇಲೆ ಹಗ್ಗ ಹಿಡಿದು ನಿಂತಿದ್ದ. ತಳ ಮುಟ್ಟಿದ ಮೈಲಾರಿ ಒಮ್ಮೆ ಮೇಲೆ ನೋಡಿದ. ಆಮೇಲೆ ಏನೋ ಬಿದ್ದದ್ದನ್ನು ಹುಡುಕುವವನ ಹಾಗೆ ಮೊಣಕಾಲೂರಿದ. ಉಡಚಪ್ಪ ಕೂಗಿದ. ಉತ್ತರವಿಲ್ಲ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಅವನೂ ಇಳಿದ. ಅರ್ಧ ನಿಚ್ಚಣಿಕೆಗೆ ಎದೆಯಲ್ಲಿ ಯಾರೋ ಕಾಲಿಟ್ಟ ಹಾಗಾಯಿತು. ಬಾಯಿ ತೆಗೆದ. ಗಾಳಿ ಬರಲಿಲ್ಲ. ಕೆಳಗೆ ಮೈಲಾರಿಯ ಬೆನ್ನು ಕಂಡಿತು. ಮುಖ ರಾಡಿಯೊಳಗಿತ್ತು. ಅಷ್ಟೇ ಅವನಿಗೆ ನೆನಪು.

ಅವನ ಸೊಂಟದ ಹಗ್ಗ ಜಗ್ಗಿ ಎಳೆದವನು ಯಾಕೂಬಸಾಬ. ಮೈಲಾರಿಗೆ ಹಗ್ಗವಿರಲಿಲ್ಲ. ಅವನನ್ನು ಹೊರಗೆ ತೆಗೆಯುವ ಹೊತ್ತಿಗೆ ಮಧ್ಯಾಹ್ನದ ಉಬ್ಬರ ಇಳಿದುಹೋಗಿತ್ತು. ಇಡೀ ಮೈ ಕರಿ ಪಾಕ. ತೊಳೆದರೂ ಹೋಗಲಿಲ್ಲ. ಹಾಗೇ ಮಣ್ಣು ಮಾಡಿದರು.

ಎಣ್ಣೆಯ ಹಡಗನ್ನು ಕಾಯಿಸಲಿಲ್ಲ, ಅದು ಸರಿ. ಉಳಿದ ರಾಡಿಯ ಮೇಲೆ ಬಿಸಿನೀರು ಹೊಡೆದು, ಅದೇ ಟ್ಯಾಂಕಿಗೆ ತಾಳೆಎಣ್ಣೆ ತುಂಬಿದರು. ಅದು ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂತು. ಅದರಲ್ಲಿ ಎಷ್ಟು ಬಂಡಿಯವರು ಮಿರ್ಚಿ ಕರಿದರೋ, ಎಷ್ಟು ಮಂದಿ ಸಂಜೆ ಹೊತ್ತು ನಿಂತು ತಿಂದು ಬೆರಳು ನೆಕ್ಕಿದರೋ.

ಮೈಲಾರಿ ಕುಡಿದು ಬಿದ್ದ ಅಂತ ಕಂಪನಿ ಹೇಳಿತು. ಮೈಲಾರಿ ಕುಡಿಯುತ್ತಿದ್ದ, ಅದು ಸುಳ್ಳಲ್ಲ. ಆ ಟ್ಯಾಂಕಿಗೆ ಕುಡಿಯದೆ ಇಳಿಯುವುದು ಯಾವ ಮನುಷ್ಯನಿಗೂ ಆಗುವ ಮಾತಲ್ಲ. ಆದರೆ ಆವತ್ತು ಕುಡಿದಿರಲಿಲ್ಲ. ಆವತ್ತು ಮುಂಜಾನೆ ಕಟ್ಟೆಯ ಮೇಲೆ ಕೂತು ಅಕ್ಕನಿಗೆ ಫೋನು ಹಚ್ಚಿ, ಊರಿಗೆ ಬಂದ ಮೇಲೆ ಜೋಳದ ಮುದ್ದಿ ಮಾಡು ಅಂದಿದ್ದ. ಅವನ ದನಿ ಹೇಗಿತ್ತು ಅಂತ ಹುಲಿಗೆವ್ವನಿಗೆ ಗೊತ್ತು. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು.

ಸಾವಕಾರರು ಕೇರಿಗೆ ಬಂದರು. ಕಾರಿನ ಬಾಗಿಲಿಗೆ ಆನಿಕೊಂಡು ನಿಂತರು. ಹುಲಿಗೆವ್ವ ನೀರು ತಂದಳು. "ಈಗ ಕುಡದ ಬಂದೇನವಾ," ಅಂದರು. ಹಣೆಯ ಮೇಲೆ ವಿಭೂತಿ. ಎಲ್ಲರೂ ಶಿವನ ಮಕ್ಕಳು ಅಂದರು. ಶಿವನ ಮಕ್ಕಳಲ್ಲಿ ಕೆಲವರು ನೀರು ಕೊಟ್ಟರೆ ಕೆಲವರಿಗೆ ಆಗಲೇ ಬಾಯಾರಿಕೆ ಹೋಗಿರುತ್ತದೆ. ಉಡಚಪ್ಪನಿಗೆ ಕಾಯಂ ಕೆಲಸ ಕೊಡುತ್ತೇನೆ, ತಾರಿಹಾಳದ ಕಂಪನಿ ಯಾರ್ಡಿನಲ್ಲಿ ಲಾರಿ ತೊಳೆಯಲಿ, ಇನ್ನು ಟ್ಯಾಂಕಿಗೆ ಇಳಿಯುವುದು ಬೇಡ ಅಂದರು.

ಉಡಚಪ್ಪ ಒಪ್ಪಿಕೊಂಡ. ಎದೆ ಮೊದಲಿನ ಹಾಗಿರಲಿಲ್ಲ. ನಾಲ್ಕು ಹೆಜ್ಜೆ ಜೋರಾಗಿ ನಡೆದರೆ ಒಳಗೆ ಸೀಟಿ ಊದುತ್ತಿತ್ತು. ಬೂಟು ಬಂದದ್ದು ಆಗ. ನೀಲಿ ಅಂಗಿ ಬಂದದ್ದು ಆಗ. ಕೇರಿಯವರು ಅವನನ್ನು ಏನೂ ಅನ್ನಲಿಲ್ಲ. ಜೀಪು ಬರುವುದು ನಿಲ್ಲಲಿಲ್ಲ, ಉಳಿದವರು ಹತ್ತುವುದೂ ನಿಲ್ಲಲಿಲ್ಲ. ಹುಲಿಗೆವ್ವ ಮಾತ್ರ ಆ ನೀಲಿ ಅಂಗಿಯನ್ನು ಒಗೆಯುತ್ತಿರಲಿಲ್ಲ.

"ನೀನ ಒಕ್ಕೋ," ಅನ್ನುತ್ತಿದ್ದಳು. "ನನ್ನ ತಮ್ಮನ ತೊಗಲ ಅದು."

ಮಳೆಗಾಲ ಕಳೆಯಿತು. ಒಂದು ಪರದೇಶದ ಕಂಪನಿ ತನ್ನ ಎಣ್ಣೆ ಸಾಗಿಸುವ ಕೆಲಸವನ್ನು ಸಾವಕಾರರಿಗೆ ಕೊಡುತ್ತೇನೆ ಅಂತು. ಆದರೆ ಆಳುಗಳ ಜೀವಕ್ಕೆ ನೀವು ಹೇಗೆ ಬೆಲೆ ಕೊಡುತ್ತೀರಿ ಅಂತ ಮೊದಲು ತೋರಿಸಿ ಅಂತು. ಬೆಲೆ ಕೊಡುವುದು ಕಷ್ಟ, ತೋರಿಸುವುದು ಸುಲಭ. ಬಿಂದುಮಾಧವರು ಒಂದು ಸಣ್ಣ ಫಿಲ್ಮು ಮಾಡಿಸೋಣ ಅಂದರು. ಧಾರವಾಡದ ಮಾನಸಿ ಅನ್ನುವ ಹೆಣ್ಣುಮಗಳನ್ನು ಕರೆಸಿದರು. ಜಾಹೀರಾತಿನ ಚಿತ್ರ ತೆಗೆಯುವವಳು. ಅವಳು ಯಾರ್ಡಿನಲ್ಲಿ ಎಲ್ಲ ಆಳುಗಳ ಮುಖ ನೋಡಿ ಉಡಚಪ್ಪನನ್ನು ಆರಿಸಿದಳು.

"ಇವರ ಮುಖದಾಗ ಒಂದು ಸತ್ಯ ಅದ ಸರ್," ಅಂದಳು.

ಯಾರ್ಡಿನ ಮೂಲೆಯಲ್ಲಿ ಹಳೇ ಬಾರ್ಜಿನಿಂದ ಕತ್ತರಿಸಿ ತಂದ ಒಂದು ಟ್ಯಾಂಕು ಬಿದ್ದಿತ್ತು. ಅದರ ತುಕ್ಕು ಕೆರೆದರು. ಒಳಗೆ ಬಿಳಿ ಬಣ್ಣ ಹೊಡೆದರು. ಒಂದು ಬದಿ ಕೊಯ್ದು ಕ್ಯಾಮೆರಾಕ್ಕೆ ಕಿಂಡಿ ಮಾಡಿದರು. ನಿಚ್ಚಣಿಕೆಗೆ ಹಳದಿ ಬಳಿದರು. ಕಾಕಂಬಿ ಬೇಡ, ವಾಸನೆ ಅಂತ ಚಹಾದ ನೀರು ಚಿಮುಕಿಸಿದರು. ಬಾರ್ಜಿನ ಮೇಲೆ ಸತ್ತವರಿಗೆ ಸಿಗದ ಉಪಚಾರ ಆ ಸತ್ತ ಟ್ಯಾಂಕಿಗೆ ಸಿಕ್ಕಿತು.

ಚಿತ್ರದ ದಿನ ಹುಲಿಗೆವ್ವನನ್ನೂ ಕರೆಸಿದರು. ಕುಟುಂಬದ ಒಂದು ಶಾಟ್ ಬೇಕಂತೆ. ಹೊಸ ಸೀರೆ ಕೊಟ್ಟು ಕುರ್ಚಿಯ ಮೇಲೆ ಕೂರಿಸಿದರು. ಕಂಪನಿಯ ಕುರ್ಚಿಯ ಮೇಲೆ ಕೇರಿಯವರು ಕೂತದ್ದು ಅದೇ ಮೊದಲು.

ಉಡಚಪ್ಪನಿಗೆ ವೇಷ ಕಟ್ಟಿದರು. ಕಿತ್ತಳೆ ಬಣ್ಣದ ಅಂಗಿ, ಟೊಪ್ಪಿಗೆ, ಮೊಣಕೈ ತನಕ ಕೈಗವಸು, ಎದೆ ತೊಡೆ ಸುತ್ತಿ ಬಿಗಿಯುವ ಪಟ್ಟಿ, ಅದಕ್ಕೊಂದು ದಪ್ಪ ಹಗ್ಗ. ಬೆನ್ನಿಗೆ ಗಾಳಿಯ ಸಿಲಿಂಡರು. ಅದರಿಂದ ಒಂದು ಕೊಳವೆ ಮುಖವಾಡಕ್ಕೆ. ಕುತ್ತಿಗೆಗೆ ಸಣ್ಣ ಡಬ್ಬಿ, ಗಾಳಿ ಕೆಟ್ಟರೆ ಕೂಗುತ್ತದಂತೆ. ಎಲ್ಲ ಒಂದು ದಿನದ ಬಾಡಿಗೆಗೆ ತಂದದ್ದು. ಅಂಗಡಿಯ ಚೀಟಿ ಇನ್ನೂ ಸಿಲಿಂಡರಿಗೆ ಅಂಟಿತ್ತು. ಮಾನಸಿ ಅದನ್ನು ಕಂಡು ಉಗುರಿನಿಂದ ಕೆರೆದು ತೆಗೆದಳು.

"ಈಗ ಹೇಳು," ಅಂದರು ಬಿಂದುಮಾಧವ. "ನಮ್ಮ ಕಂಪನಿಯಲ್ಲಿ ಸುರಕ್ಷತೆಯೇ ಮೊದಲು."

"ನಮ್ಮ ಕಂಪನ್ಯಾಗ ಸುರಕ್ಸತಿನ ಮೊದಲು."

"ಸುರಕ್ಷತೆ. ಕ್ಷ. ನಾಲಿಗಿ ಹಿಂದಕ್ಕ ಮಡಚು. ಕಂಪನಿಯಲ್ಲಿ ಅನ್ನು, ಕಂಪನ್ಯಾಗ ಅಲ್ಲ."

ಉಡಚಪ್ಪ ಮತ್ತೆ ಅಂದ. ಮತ್ತೆ ತಪ್ಪಿತು. ಬಿಸಿಲಲ್ಲಿ ಸಿಲಿಂಡರು ಹೊತ್ತು ನಿಂತ ಅವನ ಎದೆ ಸೀಟಿ ಊದತೊಡಗಿತ್ತು. ಕ್ಯಾಮೆರಾದ ಹುಡುಗರು ನಕ್ಕರು. ಬಿಂದುಮಾಧವರು ಸಂಗೀತ ಕಲಿಸುವವರ ತಾಳ್ಮೆಯಿಂದ ತೊಡೆ ತಟ್ಟಿ ಅಕ್ಷರ ಬಿಡಿಸಿ ಹೇಳಿದರು. ನೆರಳಲ್ಲಿ ಕೂತ ಶಿವಯೋಗೀಶ ಸಾವಕಾರರು ಎಳನೀರು ಹೀರುತ್ತ, "ಬಿಡ್ರಿ ಅದನ್ನ, ದನಿ ಆಮ್ಯಾಲ ಯಾರರ ಕೂಡಿಸ್ತಾರ, ಮೊದಲ ಇಳಸ್ರಿ," ಅಂದರು.

ಮುಖವಾಡ ಬಿಗಿದು ಸಿಲಿಂಡರಿನ ತಿರುಪು ತೆಗೆದರು. ಉಡಚಪ್ಪ ಹಳದಿ ನಿಚ್ಚಣಿಕೆ ಇಳಿದ.

ತೂತಿನೊಳಗೆ ತಲೆ ಹೋಗುತ್ತಿದ್ದಂತೆ ಅವನ ಮೈ ತಾನೇ ಉಸಿರು ಹಿಡಿಯಿತು. ಹಳೇ ಚಾಳಿ. ಹಿಡಿದುಕೊಂಡೇ ತಳ ಮುಟ್ಟಿದ. ಇನ್ನು ತಡೆಯಲಾರದೆ ಬಾಯಿ ತೆಗೆದ.

ಗಾಳಿ ಬಂತು.

ತಣ್ಣಗಿನ ಗಾಳಿ. ಯಾವ ನಾತವೂ ಇಲ್ಲದ ಗಾಳಿ. ಇನ್ನೊಮ್ಮೆ ಎಳೆದ. ಇನ್ನೊಮ್ಮೆ ಬಂತು. ಕೇಳಿದಷ್ಟು ಬಂತು. ಎದೆಯ ಸೀಟಿ ನಿಂತಿತು. ಟ್ಯಾಂಕಿನ ತಳದಲ್ಲಿ ನಿಂತು ಒಬ್ಬ ಮನುಷ್ಯ ಇಷ್ಟು ಆರಾಮಾಗಿ ಉಸಿರಾಡಬಹುದು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವನು ಇದನ್ನು ದೊಡ್ಡ ವಿದ್ಯೆ ಅಂದುಕೊಂಡಿದ್ದ. ಪರದೇಶದ ಮಾತು, ಯಂತ್ರದ ಮಾತು, ತಮಗೆ ದಕ್ಕದ್ದು ಅಂದುಕೊಂಡಿದ್ದ. ನೋಡಿದರೆ ಒಂದು ಸಿಲಿಂಡರು, ಒಂದು ಕೊಳವೆ. ಬೆನ್ನಿಗೆ ಹಾಕಿದರೆ ಮನುಷ್ಯ ಬದುಕುತ್ತಾನೆ. ಹಾಕದಿದ್ದರೆ ಸಾಯುತ್ತಾನೆ. ಅಷ್ಟೇ. ಇದಿಷ್ಟನ್ನು ಮೈಲಾರಿಗೆ ಯಾರೂ ಹಾಕಲಿಲ್ಲ.

"ಛಲೋ ಬಂತು ಅಂಕಲ್, ಮ್ಯಾಲ ಬರ್ರಿ," ಅಂತ ಮಾನಸಿ ಕಿಂಡಿಯಿಂದ ಕೂಗಿದಳು.

ಅವನು ಬರಲಿಲ್ಲ. ಎರಡನೇ ಸಲ ಕೂಗಿದಳು. ಹಗ್ಗ ಜಗ್ಗಿದರು. ಆಮೇಲೆ ಬಂದ.

"ಇನ್ನ ಒಂದ ಸಾಲು, ಮುಗೀತು," ಅಂದರು ಬಿಂದುಮಾಧವ. ಅವನ ಮುಖವಾಡ ಎತ್ತಿಸಿ, ತಿರುಪು ನಿಲ್ಲಿಸಿ, ಹುಲಿಗೆವ್ವನ ಕುರ್ಚಿಯ ಪಕ್ಕ ನಿಲ್ಲಿಸಿದರು. "ಕ್ಯಾಮೆರಾ ನೋಡಿ ಹೇಳು. ನನ್ನ ಹೆಂಡತಿಯ ತಮ್ಮ ಕಂಪನಿಯ ನಿಯಮ ಮೀರಿ, ಕುಡಿದು, ಮುಖವಾಡ ಹಾಕದೆ ಟ್ಯಾಂಕಿಗೆ ಇಳಿದು ಪ್ರಾಣ ಕಳೆದುಕೊಂಡ. ಆ ತಪ್ಪು ನೀವು ಮಾಡಬೇಡಿರಿ. ಹುಲಿಗೆವ್ವಾ, ನೀ ಏನೂ ಅನ್ನೂದ ಬ್ಯಾಡ. ಕೈ ಮುಗದ ಕೂಡು."

ಹುಲಿಗೆವ್ವ ಗಂಡನ ಮುಖ ನೋಡಿದಳು. ಕೈ ಮುಗಿಯಲಿಲ್ಲ.

"ಅನ್ನೂದಿಲ್ರಿ," ಅಂದ ಉಡಚಪ್ಪ.

"ಕ್ಷ ಬರದಿದ್ರ ನಡೀತದ. ಹಂಗ ಹೇಳು."

"ಅಕ್ಷರದ ಮಾತಲ್ರಿ. ಅನ್ನೂದಿಲ್ಲ."

"ಯಾಕ?"

"ಸುಳ್ಳ ಐತಿ ಅದು."

ಬಿಂದುಮಾಧವರು ನಕ್ಕರು. "ಖರೇ ಸುಳ್ಳಿನ ಪ್ರಶ್ನಿ ಎಲ್ಲಿ ಬಂತೋ ಇಲ್ಲೆ. ತಿಳುವಳಿಕಿ ಕೊಡೂ ಚಿತ್ರ ಇದು. ನಾಕ ಮಂದಿಗೆ ಒಳ್ಳೇದಾಗಲಿ ಅಂತ. ನಿಮ್ಮ ಜನಕ್ಕ ಒಳ್ಳೇದಾಗಲಿ ಅಂತ."

"ಮಾದರ ಅನ್ರಿ," ಅಂದ ಉಡಚಪ್ಪ. "ಬಾಯಿ ಸುಡೂದಿಲ್ಲ."

ಸಾವಕಾರರು ಎಳನೀರು ಕೆಳಗಿಟ್ಟು ಎದ್ದು ಬಂದರು.

"ಉಡಚ್ಯಾ. ನಿನಗ ಅನ್ನ ಹಾಕಿದಾಂವ ನಾ. ಕಾಯಂ ಕೆಲಸ ಕೊಟ್ಟೇನಿ."

"ಕೊಟ್ರಿ. ಮೈಲಾರಿನ್ನ ಇಸ್ಕೊಂಡ ಕೊಟ್ರಿ."

"ಅವನ ಕುಡದ ಬಿದ್ದಾನ."

"ನಾ ಇದ್ನೆಲ್ರಿ ಅಲ್ಲೆ. ನೀವ ಎಲ್ಲಿದ್ರಿ? ಮುಚ್ಚಳ ತಗದು ಗಾಳಿ ಆಡಸ್ತೇವಂದ್ರ ಬ್ಯಾಡ ಅಂದ್ರಿ. ನಿಮ್ಮ ಫೋನಿನ ದನಿ ನನಗ ಕೇಳಿಸೇತಿ. ಇವತ್ತ ಇಳಸು ಅಂದ್ರಿ. ಇಳದ. ಸತ್ತ. ಬೇಕಂದ್ರ ಇದನ್ನ ಫಿಲ್ಮಿನ್ಯಾಗ ಹೇಳ್ತೇನಿ."

ಮಾನಸಿಯ ಕ್ಯಾಮೆರಾ ಇನ್ನೂ ಓಡುತ್ತಿತ್ತು. ಅವಳ ಕಣ್ಣಲ್ಲಿ ನೀರೂ ಬಂದಿತ್ತು. ಸಾವಕಾರರು ತಿರುಗಿ ನೋಡಿದರು. ಅವಳು ಕ್ಯಾಮೆರಾ ನಿಲ್ಲಿಸಿದಳು, ಕಣ್ಣೊರೆಸಿಕೊಂಡಳು, ಆಗಷ್ಟೇ ತೆಗೆದದ್ದನ್ನು ಅಳಿಸಿದಳು. ಅವನ ಮುಖದ ಸತ್ಯ ಅವಳಿಗೆ ಬೇಕಾಗಿತ್ತು, ಬಾಯಿಯದು ಬೇಕಾಗಿರಲಿಲ್ಲ.

"ಆ ಸಾಮಾನೆಲ್ಲ ಬಿಚ್ಚಿ ಕೊಟ್ಟು ಹೋಗು," ಅಂದರು ಸಾವಕಾರರು. "ನಾಳಿಂದ ಬರಬ್ಯಾಡ."

ಉಡಚಪ್ಪ ಬಿಚ್ಚಲಿಲ್ಲ. ಟೊಪ್ಪಿಗೆ, ಪಟ್ಟಿ, ಸಿಲಿಂಡರು ಎಲ್ಲ ಮೈಮೇಲೆ ಇದ್ದ ಹಾಗೇ ಗೇಟಿನ ಕಡೆ ನಡೆದ. ಹುಲಿಗೆವ್ವ ಕುರ್ಚಿಯಿಂದ ಎದ್ದು ಹಿಂದೆ ನಡೆದಳು. ಕ್ಯಾಮೆರಾದ ಹುಡುಗರಲ್ಲಿ ಒಬ್ಬ ಅಡ್ಡ ಬಂದ. ಹುಲಿಗೆವ್ವ ಅವನನ್ನು ನೋಡಿದಳು. ಅವನು ಸರಿದ.

ತಾರಿಹಾಳದ ರಸ್ತೆಯಲ್ಲಿ ವರ್ಕ್‌ಶಾಪುಗಳ ಆಳುಗಳು ಹೊರಗೆ ಬಂದು ನೋಡಿದರು. ಬಸ್ಸಿನ ಕಂಡಕ್ಟರ, "ಏನಪಾ, ಚಂದ್ರಲೋಕಕ್ಕ ಹೊಂಟಿಯೇನು," ಅಂದ. ಹುಲಿಗೆವ್ವ ಟಿಕೀಟು ತೆಗೆದುಕೊಂಡಳು. ಹೊಸ ಸೀರೆಯನ್ನು ಮನೆ ಮುಟ್ಟಿದ ಕೂಡಲೇ ಬಿಚ್ಚಿ ಬಾಗಿಲ ಹೊರಗೆ ಎಸೆದಳು.

ಸಂಜೆ ಕೇರಿಯ ಗಂಡಸರು ಅವನ ಮನೆಯ ಮುಂದೆ ಕೂಡಿದರು. ಮರುದಿನ ಮುಂಜಾನೆ ಜೀಪು ಬರುವುದಿತ್ತು. ಮತ್ತೆ ಕಾಕಂಬಿ ಖಾಲಿಯಾಗಿತ್ತು, ಮತ್ತೆ ಟ್ಯಾಂಕು ತೊಳೆಯಬೇಕಿತ್ತು. ಉಡಚಪ್ಪ ಏನೂ ಭಾಷಣ ಮಾಡಲಿಲ್ಲ. ಮುಖವಾಡ ಬಿಚ್ಚಿ ಪಕ್ಕದವನ ಕೈಗೆ ಕೊಟ್ಟ. ತಿರುಪು ತೆಗೆದ. "ಒಮ್ಮೆ ಉಸರ ಜಗ್ಗ," ಅಂದ.

ಅವನು ಜಗ್ಗಿದ. ಮುಖವಾಡ ತೆಗೆದ. ಇನ್ನೊಬ್ಬನ ಕೈಗೆ ಹೋಯಿತು. ಅವನೂ ಜಗ್ಗಿದ. ಒಬ್ಬೊಬ್ಬರಾಗಿ ಎಲ್ಲರೂ ಜಗ್ಗಿದರು. ಗಟಾರದಲ್ಲಿ ಅಣ್ಣನನ್ನು ಕಳೆದುಕೊಂಡ ಒಬ್ಬ ಮುಖವಾಡದೊಳಗೇ ಅತ್ತ. ಅದರ ಗಾಜು ಮಂಜಾಯಿತು. ಅವನ ಮುಂದಿನವನು ಅಂಗಿಯ ಚುಂಗಿನಿಂದ ಒರೆಸಿಕೊಂಡು ಹಾಕಿಕೊಂಡ.

ಮುಂಜಾನೆ ಜೀಪಿನ ಹಿಂದೆ ಸಾವಕಾರರ ಕಾರೂ ಬಂತು. ಬಿಂದುಮಾಧವರು ಒಬ್ಬ ಪೊಲೀಸನನ್ನು ಕರೆತಂದಿದ್ದರು.

"ಇವನ ನೋಡ್ರಿ. ಸಾಮಾನು ಕಳುವು ಮಾಡಿ ತಂದಾನ," ಅಂದರು.

ಪೊಲೀಸು ಕಟ್ಟೆಯ ಮೇಲಿದ್ದ ಸಿಲಿಂಡರು ನೋಡಿ ಪೆನ್ನು ತೆಗೆದ. "ಯಾರ ಸಾಮಾನ್ರಿ ಇದು?"

"ಕಂಪನೀದು."

ಹುಲಿಗೆವ್ವ ಮುಂದೆ ಬಂದಳು. "ಬರಕೋರಿ ಸಾಹೇಬ್ರ. ಕಂಪನೀದು ಅಂತನ ಬರಕೋರಿ. ಇದು ಕಂಪನ್ಯಾಗ ಇತ್ತು, ಇದ್ದೂ ನನ್ನ ತಮ್ಮಗ ಕೊಡಲಿಲ್ಲ, ಕೊಡದ ಕೊಂದ್ರು ಅಂತ ನಾನೂ ಬರಸ್ತೇನಿ. ಅದನ್ನೂ ಅದರ ಕೆಳಗ ಬರಕೋರಿ."

ಪೊಲೀಸು ಬಿಂದುಮಾಧವರ ಮುಖ ನೋಡಿದ. ಬಿಂದುಮಾಧವರು ಸಾವಕಾರರ ಮುಖ ನೋಡಿದರು. ಸಾವಕಾರರು ಫೋನಿನಲ್ಲಿ ಏನೋ ನೋಡತೊಡಗಿದರು.

"ಅಂದ್ರ... ಬಾಡಿಗಿ ತಂದದ್ದು," ಅಂದರು ಬಿಂದುಮಾಧವ.

"ಹಂಗಾರ ಬಾಡಿಗಿ ಕೊಟ್ಟಾಂವ ಬಂದು ಕೇಳಲಿ," ಅಂದಳು ಹುಲಿಗೆವ್ವ. "ಯಾತಕ್ಕ ಬಾಡಿಗಿ ತಂದಿದ್ರಿ ಅಂತಾನೂ ಇವರ ಮುಂದ ಹೇಳ್ರಿ."

ಪೊಲೀಸು ಪೆನ್ನು ಕಿಸೆಗಿಟ್ಟ. ಮಾಲಕರು ಯಾರು ಅಂತ ನಿಕ್ಕಿಯಾದ ಮೇಲೆ ಠಾಣೆಗೆ ಬರ್ರಿ ಅಂತ ಹೇಳಿ, ಬಂದ ದಾರಿ ಹಿಡಿದ.

ಸಾವಕಾರರು ಜೀಪಿನ ಬಾಗಿಲು ಬಡಿದರು. "ಹತ್ರಿ ಲಗೂ. ಹೊತ್ತಾತು."

ಯಾರೂ ಕದಲಲಿಲ್ಲ.

"ಇಳಿಯೋರು ಎಷ್ಟ ಮಂದಿಯೋ ಅಷ್ಟ ಸಿಲಿಂಡರ ಬೇಕ್ರಿ," ಅಂದ ಉಡಚಪ್ಪ. "ಆಮ್ಯಾಲ ಹತ್ತತಾರ."

"ಅಲ್ಲಿ ಗ್ಯಾಸ್ ಇಲ್ಲ, ಏನಿಲ್ಲ. ಇಷ್ಟ ವರ್ಷ ಇಳದಿಲ್ಲೇನ ನೀವು?"

"ಗ್ಯಾಸ್ ಇಲ್ಲಂದ್ರ ಛಲೋ ಆತು. ಮ್ಯಾನೇಜರ ಸಾಹೇಬ್ರನ್ನ ಜೀಪಿನ್ಯಾಗ ಕುಂದರಸ್ರಿ. ಇವತ್ತ ಅವರು ಮೊದಲ ಇಳೀಲಿ. ಅವರ ಹಿಂದ ನಾವೆಲ್ಲಾ ಇಳೀತೇವಿ."

ಬಿಂದುಮಾಧವರು ಒಂದು ಹೆಜ್ಜೆ ಹಿಂದೆ ಸರಿದರು. "ನನಗ ಬಿ.ಪಿ. ಅದ," ಅಂದರು.

ಕೇರಿ ನಕ್ಕಿತು. ಮೊದಲು ಹೆಂಗಸರು ನಕ್ಕರು, ಆಮೇಲೆ ಗಂಡಸರು. ಕಟ್ಟೆಯ ಮೇಲಿನ ಮುದುಕಿಯರು ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ಅಂಥ ನಗುವನ್ನು ಸಾವಕಾರರು ಆ ಕೇರಿಯಲ್ಲಿ ಕೇಳಿರಲಿಲ್ಲ. ಬೈಗುಳವಾದರೆ ಅವರು ತಡೆದುಕೊಳ್ಳುತ್ತಿದ್ದರು. ಅಳುವಾದರೆ ಸಮಾಧಾನ ಹೇಳುತ್ತಿದ್ದರು. ನಗುವಿಗೆ ಏನು ಮಾಡಬೇಕೋ ಅವರಿಗೆ ತಿಳಿಯಲಿಲ್ಲ. ವಿಭೂತಿಯ ಕೆಳಗೆ ಮುಖ ಕೆಂಪಗಾಯಿತು.

"ನಿಮ್ಮಂಥಾವ್ರು ಸಾವಿರ ಮಂದಿ ಸಿಗ್ತಾರ," ಅಂದರು.

"ಸಿಗ್ತಾರ್ರಿ," ಅಂದ ಉಡಚಪ್ಪ. "ಅವರ ಕಡೇನೂ ಫೋನ್ ಅದಾವ."

ಜೀಪು ಖಾಲಿ ಹೋಯಿತು.

ಸಾವಕಾರರು ಹೇಳಿದ ಹಾಗೆ ಬೇರೆ ಜಿಲ್ಲೆಯಿಂದ ಮಂದಿಯನ್ನು ತರಿಸಿದರು. ಹಸಿದವರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಆದರೆ ಧಕ್ಕೆಯಿಂದ ಯಾಕೂಬಸಾಬ ಉಡಚಪ್ಪನಿಗೆ ಫೋನು ಮಾಡಿ ಬಂದವರ ಕೈಗೆ ಕೊಟ್ಟ. ಉಡಚಪ್ಪ ಮೈಲಾರಿ ಹೇಗೆ ಮೊಣಕಾಲೂರಿದ ಅನ್ನುವುದನ್ನು ಹೇಳಿದ. ಬಂದವರು ಕಟ್ಟೆಯ ಮೇಲೆ ಕೂತುಬಿಟ್ಟರು. ಹುಬ್ಬಳ್ಳಿಯಿಂದ ಸಾವಕಾರರ ಫೋನು ಮೇಲಿಂದ ಮೇಲೆ ಬಂತು. ಯಾಕೂಬಸಾಬ ಎತ್ತಲಿಲ್ಲ. ಟ್ಯಾಂಕಿನ ಮುಚ್ಚಳದ ಮೇಲೆ ಚಾಪೆ ಹಾಸಿಕೊಂಡು ಕೂತ. ಒಬ್ಬನನ್ನು ಇಳಿಸಿ ಕೊಂದದ್ದಕ್ಕೆ ಅಷ್ಟಾದರೂ ಮಾಡಬೇಕಿತ್ತು, ಮಾಡಿದ. ಹೊರಗೆ ನಿಂತ ಹಡಗು ಕಾದು ಬೇಸತ್ತು ಬೇರೆಯವರ ಬಾರ್ಜಿಗೆ ಎಣ್ಣೆ ಕೊಟ್ಟು ಹೋಯಿತು.

ಆ ವಾರ ಕಳೆದ ಮೇಲೆ ಯಾಸೀನ ಅನ್ನುವವನು ಸ್ಕೂಟರಿನಲ್ಲಿ ಕೇರಿಗೆ ಬಂದ. ಹುಬ್ಬಳ್ಳಿಯಲ್ಲಿ ಬೆಂಕಿ ಆರಿಸುವ ಸಾಮಾನು, ಟೊಪ್ಪಿಗೆ, ಸಿಲಿಂಡರು ಮಾರುವ ಅಂಗಡಿಯವನು. ಬಾಡಿಗೆ ಕೊಟ್ಟಿದ್ದು ಅವನೇ. ಹೆದರಿಕೊಂಡೇ ಬಂದಿದ್ದ. ಉಡಚಪ್ಪ ಎಲ್ಲವನ್ನೂ ಒರೆಸಿ ಇಟ್ಟಿದ್ದ. ಅವನ ಕೈಗೆ ಕೊಟ್ಟ. ಹುಲಿಗೆವ್ವ ಚಹಾ ಕೊಟ್ಟಳು. ಯಾಸೀನ ಕುಡಿದ.

"ನಿಮ್ಮ ಸಾವಕಾರ್ರು ನಾಕ ಸೆಟ್ ಹೊಸಾವು ಬೇಕಂದಾರ," ಅಂದ ಯಾಸೀನ, ಕಪ್ಪು ಕೆಳಗಿಡುತ್ತ. "ಖರೀದೀಗೇ."

"ಎಲ್ಲಿಂದ ತರಸ್ತಿ? ಎಷ್ಟ ದಿನ ಆಗತೈತಿ ಬರಾಕ?" ಅಂತ ಉಡಚಪ್ಪ ಕೇಳಿದ.

"ತರಸೂದೇನು? ಅಂಗಡ್ಯಾಗನ ಅದಾವು. ತಂದಿಟ್ಟ ಮೂರು ವರ್ಷಾತು, ಯಾರೂ ಕೇಳಿಲ್ಲ. ಧೂಳ ತಿನ್ನಾಕತ್ತಾವು. ಇಲ್ಲೇ, ಕಾರವಾರ ರಸ್ತೆ ಮ್ಯಾಗನ ಐತಿ ಅಂಗಡಿ."

ಕಾರವಾರ ರಸ್ತೆ. ಜೀಪು ಪ್ರತಿ ಸಲ ಹೋಗುತ್ತಿದ್ದ ರಸ್ತೆ. ಮೈಲಾರಿಯನ್ನು ಕೂರಿಸಿಕೊಂಡು ಆ ಅಂಗಡಿಯ ಮುಂದೆಯೇ ಹೋಗಿತ್ತು.

ಹುಲಿಗೆವ್ವ ಹೊಸ್ತಿಲಿಂದ ಎದ್ದು, ರಸ್ತೆಯ ತನಕ ನಡೆದು ಹೋಗಿ, ಕಂಪನಿ ಇರುವ ಕಡೆಗೆ ಮುಖ ಮಾಡಿ ಉಗುಳಿ ಬಂದಳು.

ಯಾಸೀನ ಸ್ಕೂಟರು ಚಾಲೂ ಮಾಡಿದ. ಉಡಚಪ್ಪ ಎದ್ದು ಹೋಗಿ ಅದರ ಹ್ಯಾಂಡಲಿಗೆ ಕೈಯಿಟ್ಟ.

"ನಾಕು ಸಾಲೂದಿಲ್ಲ," ಅಂದ. "ನಾವು ಒಂಬತ್ತ ಮಂದಿ ಅದೀವಿ. ಸಾವಕಾರಗ ಹೋಗಿ ಹೇಳು."